ಬಳೆ

ಗಂಜ್ ಹಿಂದಿನ ಓಣಿ, ತಗಡಿನ ಶೆಡ್ಡು.
ಖಾಲಿ ಬಾಟಲಿ ಎಣಿಸಿ ಬರೆಯುವುದು ನನ್ನ ಕೆಲಸ,
ತೊಳೆಯುವುದು ಉಸೇನಮ್ಮನದು.
ಏಪ್ರಿಲ್ ಬಂತೆಂದರೆ ಇಬ್ಬರಿಗೂ ಪುರುಸೊತ್ತಿಲ್ಲ.
ನಲವತ್ಮೂರು ಡಿಗ್ರಿ; ರಾಯಚೂರಿಗೆ ರಾಯಚೂರೇ
ಹಕ್ಕಿ ಚಿತ್ರದ ಬೀರಿನ ಕೊರಳು ಹಿಡಿದಿರುತ್ತದೆ.

ಶಕ್ತಿನಗರದ ಬೂದಿ ಲಾರಿಯವರು, ಹತ್ತಿ ಮಿಲ್ಲಿನ ಹಮಾಲರು,
ಜೂನಿಯರ್ ವಕೀಲರು, ಮದುವೆಯ ಬ್ಯಾಂಡಿನವರು.
ಯಾರಾದರೇನು, ಫ್ರಿಜ್ಜಿನ ಮುಂದೆ ಒಂದೇ ಮಾತು:
"ಥಂಡಾ ಅದನೇನು?"
ಥಂಡಾಕ್ಕೆ ಐದು ರೂಪಾಯಿ ಜಾಸ್ತಿ.
ಬದನೆಕಾಯಿಗೆ ಅರ್ಧ ತಾಸು ಚೌಕಾಸಿ ಮಾಡುವವರೂ
ಸುಮ್ಮನೆ ಕೊಟ್ಟು ಹೋಗುತ್ತಾರೆ.

ಬಾಟಲಿಗಳೆಲ್ಲ ನಮ್ಮಲ್ಲಿಗೆ ಬರುವುದಿಲ್ಲ.
ಕೆಲವು ಕಂಪೌಂಡು ಗೋಡೆಯ ಮೇಲೆ ಚೂರಾಗಿ ಕಾವಲು ನಿಲ್ಲುತ್ತವೆ.
ಕೆಲವು ಕುಸುಬಿ ಎಣ್ಣೆ ತುಂಬಿಕೊಂಡು ಸಂಸಾರಕ್ಕೆ ಬೀಳುತ್ತವೆ.
ಗಡಿ ದಾಟಿದವು ಸೇಂದಿ ತುಂಬಿಕೊಂಡು
ಹಕ್ಕಿಯ ಹೆಸರು ಕೆಡಿಸುತ್ತವೆ.

ಉಳಿದವನ್ನು ಉಸೇನಮ್ಮ ಟಬ್ಬಿನಲ್ಲಿ ನೆನೆಹಾಕುತ್ತಾಳೆ.
ಚೀಟಿ ಬಿಟ್ಟು ಹಕ್ಕಿಗಳು ಮೇಲೆ ತೇಲುತ್ತವೆ, ಅಂಗಾತ.
ದೇವಸೂಗೂರು ಸೇತುವೆಯ ಕೆಳಗೆ ಇಂಥದೇ ಮಿಂಚುಳ್ಳಿ
ಕೃಷ್ಣೆಗೆ ಧುಮುಕುವುದನ್ನು ಕಂಡಿದ್ದೇನೆ ಅಂದರೆ,
"ಅದು ಮೀನಾ ತಿಂತಾದ. ಇದು ಪಗಾರ ತಿಂತಾದ."

ಬಾಟಲಿಯ ಹೊಟ್ಟೆ ಸುತ್ತ ಉಜ್ಜಿ ಉಜ್ಜಿ ಸವೆದ ಬಿಳಿ ಗೆರೆ.
ಅದಕ್ಕವಳು ಬಳೆ ಅನ್ನುತ್ತಾಳೆ.
"ಇದು ಹತ್ತು ಸಲ ಹೋಗಿ ಬಂದದ್ದು, ಬಳಿ ದಪ್ಪ ಆಗ್ಯಾದ ನೋಡ್ರಿ.
ಕುಡಿಯೋರಿಗಿ ಹೊಸಾದು. ನನಗ ಹಳೇ ಬೀಗತಿ."

ನಿನ್ನೆ ಹದಿನೆಂಟು ಪೆಟ್ಟಿಗೆ ತುಂಬಿದ ಮೇಲೂ
ಒಂದು ಬಾಟಲಿ ಉಳಿಯಿತು.
ಎಲ್ಲಿಂದ ಬಂತು ಅಂದೆ. ಸೆರಗು ಬಾಯಿಗೆ ಹಿಡಿದಳು.

ಮದುವೆಯ ಗೋಣಿಯಲ್ಲಿ ಮುಚ್ಚಳ ತೆಗೆಯದ್ದೊಂದು ಸಿಕ್ಕಿತ್ತಂತೆ.
ಒದ್ದೆ ಬಟ್ಟೆ ಸುತ್ತಿ ಹರವಿಯ ಹಿಂದೆ ಇಟ್ಟಳಂತೆ.
ರಾತ್ರಿ ಕರೆಂಟು ಹೋದಾಗ, ಮಾಳಿಗೆಯ ಮೇಲೆ,
ಪಕ್ಕದ ಮನೆಯ ಬಂಡೆಮ್ಮ, ಇವಳು,
ಎರಡು ಸ್ಟೀಲ್ ಲೋಟ.
"ಯವ್ವಾ, ಬೇವಿನ ಕಷಾಯ!
ಇದಕ್ಕಾ ನಮ್ಮ ಗಂಡಸರು ಇಷ್ಟು ವರ್ಷ ಬಡದಾಡಿದ್ದು?"
ಅಂದಳಂತೆ ಬಂಡೆಮ್ಮ, ಅಂದವಳೇ ತೇಗಿದಳಂತೆ.
ನಕ್ಕು ನಕ್ಕು, ಕೆಳಗಿನವರು ಟಾರ್ಚು ಬಿಟ್ಟರಂತೆ.

"ರುಚಿ ಏನಿಲ್ಲ ಬಿಡ್ರಿ," ಬ್ರಷ್ಷು ತಿರುಗಿಸುತ್ತಾ ಅಂದಳು,
"ಗಾಳಿ ಚಲೋ ಇತ್ತು."

ವಹಿಯಲ್ಲಿ ಬರೆದುಕೊಂಡೆ:
ಬಿಡಿ, ಒಂದು. ಬಳೆ ಇನ್ನೂ ತೆಳ್ಳಗೆ.