ದುದ್ದದ ಲೂಪ್ ಲೈನಿನಲ್ಲಿ

ಮುಂದೆ ನಲವತ್ತೊಂದು ಬೋಗಿ ಸಕ್ಕರೆ.
ಬೀಗ, ಮೊಹರು, ನನ್ನ ರುಜು.
ಕಟ್ಟಕಡೆಯ ಬ್ರೇಕ್‌ವ್ಯಾನಿನಲ್ಲಿ
ಕಬ್ಬಿಣದ ಕುರ್ಚಿಯ ಮೇಲೆ ನಾನು,
ತೊಡೆಯ ಮೇಲೆ ಸ್ಟೀಲ್ ಡಬ್ಬಿ,
ಡಬ್ಬಿಯಲ್ಲಿ ಸಕ್ಕರೆಯಿಲ್ಲದ ಕಾಯಿಮಿಠಾಯಿ, ಐದು ತುಂಡು.

ನಗಬೇಡಿ.
ರೈಲ್ವೆ ಡಾಕ್ಟರು ಚೀಟಿಯಲ್ಲಿ ಒಂದು ಅಂಕಿ ಬರೆದು
ಸುತ್ತ ಸೊನ್ನೆ ಸುತ್ತಿ ಹೇಳಿದ್ದರು:
'ಮೂರು ತಿಂಗಳಲ್ಲಿ ಇದು ಇಳೀಬೇಕು.
ಇಲ್ಲಾಂದ್ರೆ ಗಾಡಿಯಿಂದ ನೀವು ಇಳೀಬೇಕು.'

ಅಂದಿನಿಂದ ಅನ್ನದ ಜಾಗಕ್ಕೆ ತುರಿದ ಹೂಕೋಸು,
ಮುದ್ದೆಯ ಜಾಗಕ್ಕೆ ಪನೀರು.
ಅದೆಲ್ಲ ಆದೀತು. ಹಗಲು ಹೇಗೋ ದಾಟುತ್ತೆ.
ಸಂಜೆ ನಾಲ್ಕಕ್ಕೆ ಬರುತ್ತದೆ ಅದು,
ಸಿಗ್ನಲ್ ಕೇಳದೆ, ಹಾರ್ನ್ ಹಾಕದೆ,
ನಾಲಿಗೆಯ ಹಿಂಬದಿಯಿಂದ,
ಯಾರೋ ಒಲೆಯ ಮೇಲೆ ಬೆಲ್ಲ ಕರಗಲಿಟ್ಟು
ಮರೆತು ಎದ್ದು ಹೋದ ಹಾಗೆ.

ಮೊದಲು ತರಿಸಿದ್ದು ಒಂದು ಬಿಳಿ ಪುಡಿ:
ಬಾಯೊಳಗೆ ಪುದೀನ ಉಜ್ಜಿದಂಥ ತಣ್ಣಗೆ.
ಆಮೇಲೆ ಸಿಹಿ ಎಲೆ, ಹಾಸನದ ನರ್ಸರಿಯಿಂದ ಕುಂಡ ಸಮೇತ.
ಮೊದಲು ಸಿಹಿ, ಆಮೇಲೆ ಸಿಹಿ, ಆಮೇಲೂ ಸಿಹಿ,
ಕಡೆಗೆ ಜ್ವರದ ಮಾತ್ರೆ ಕಚ್ಚಿದ ಕಹಿ.
ಓಂಕಾರಪ್ಪ ಒಂದು ತುಂಡು ಬಾಯಿಗಿಟ್ಟು
ಬಹಳ ಹೊತ್ತು ಏನೂ ಹೇಳಲಿಲ್ಲ.
ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ
ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

ಇದು ಮೂರನೆಯದು.
ಅರಸೀಕೆರೆ ಕಾಯಿ, ಎಳೆಯದೂ ಅಲ್ಲ, ತೀರ ಬಲಿತದ್ದೂ ಅಲ್ಲ.
ಬಾದಾಮಿ ತರಿ, ತುಪ್ಪ, ಏಲಕ್ಕಿ,
ಎಲೆಯ ಪುಡಿ ಉಗುರಿನ ತುದಿಯಷ್ಟು,
ಉಪ್ಪು ಎರಡೇ ಕಲ್ಲು.
ಉಪ್ಪು ಬಿದ್ದ ಮೇಲೆ ಗೊತ್ತಾಯಿತು
ಕಾಯಿಯೊಳಗೆ ಮೊದಲೇ ಒಂಚೂರು ಸಿಹಿಯಿತ್ತು;
ಸಕ್ಕರೆ ಸುರಿದು ಸುರಿದು ನಾವೇ
ಅದಕ್ಕೆ ಮಾತಾಡಲು ಬಿಟ್ಟಿರಲಿಲ್ಲ.

ದುದ್ದದಲ್ಲಿ ಲೂಪಿಗೆ ಹಾಕಿದರು.
ಪ್ಯಾಸೆಂಜರ್ ಮುಂದೆ ಹೋಗಬೇಕು.
ಗಾಡಿ ನೋಡಿಕೊಂಡು ನಡೆದೆ.
ಹಿಂದಿನಿಂದ ಒಂಬತ್ತನೆಯ ಬೋಗಿ,
ಬಾಗಿಲ ಸಂದಿಯಿಂದ ಸಣ್ಣಗೆ ಜಲ್ಲಿಯ ಮೇಲೆ ಸುರಿಯುತ್ತಿತ್ತು.
ಇರುವೆಗಳು ಆಗಲೇ ಸಾಲು ಹಿಡಿದಿದ್ದವು,
ಯಾವ ಸ್ಟೇಷನ್ ಮಾಸ್ಟರ ಅಪ್ಪಣೆಯೂ ಬೇಡದ ಓಡಾಟ,
ಒಂಟಿ ಹಳಿಯ ಮೇಲೆ ಎರಡೂ ದಿಕ್ಕಿಗೆ.

ಕುಕ್ಕರುಗಾಲಲ್ಲಿ ಕೂತೆ. ಡಬ್ಬಿ ತೆಗೆದು
ನನ್ನ ಮಿಠಾಯಿಯ ಒಂದು ಚೂರು
ಸಾಲಿನ ನಡುವೆ ಇಟ್ಟೆ.
ಮೊದಲನೆಯದು ಮೂಸಿತು. ಸುತ್ತಿತು. ಹೋಯಿತು.
ಎರಡನೆಯದು ಅದರ ಹಿಂದೆ.
ಹತ್ತಾರು ಬಂದವು, ಒಂದೂ ನಿಲ್ಲಲಿಲ್ಲ.
ಡಾಕ್ಟರದಕ್ಕಿಂತ ಕಟ್ಟುನಿಟ್ಟು ಪರೀಕ್ಷೆ. ಪಾಸಾದೆ.
ಪಾಸಾದದ್ದಕ್ಕೆ ಯಾಕೋ ಗಂಟಲು ಕಟ್ಟಿತು.

ಆಮೇಲೆ ಬೆರಳು ತಾನಾಗಿಯೇ ಜಲ್ಲಿಗೆ ಹೋಯಿತು.
ತುದಿಗೆ ಹತ್ತೋ ಹದಿನೈದೋ ಹರಳು.
ಬಿಸಿಲಿಗೆ ಹಿಡಿದೆ.
ಏನೂ ಇಲ್ಲ ಅದರಲ್ಲಿ, ಗಾಜಿನ ಚೂರಿನ ಹಾಗೆ,
ಮತ್ತೆ ನಮ್ಮೂರ ಎಲ್ಲ ನಾಮಕರಣಗಳೂ ಇದ್ದವು.

ವಾಕಿಟಾಕಿ ಕೆಮ್ಮಿತು. ಇಂಜಿನ್ನಿನಿಂದ ಇಲಿಯಾಸ್:
'ಗಾರ್ಡಮ್ಮ, ಸಿಗ್ನಲ್ ಬಿತ್ತು. ಎಲ್ಲಿದ್ದೀರಿ? ಬಾವುಟ ತೋರಿಸಿ.'
'ಬಂದೆ' ಅಂದೆ.
ಬಾಯಲ್ಲಿ ಏನೂ ಇರಲಿಲ್ಲ.
ಆದರೂ ಬಾಯಿ ತುಂಬಿಕೊಂಡವಳ ದನಿ.
ಓಡಿದೆ, ಹತ್ತಿದೆ, ಬಾವುಟ ಬೀಸಿದೆ.
ಗಾಡಿ ಜಗ್ಗಿಕೊಂಡು ಹೊರಟ ಮೇಲೆ
ಪುಸ್ತಕದಲ್ಲಿ ಬರೆದೆ: ಸೋರಿಕೆ, ಅಂದಾಜು ಅರ್ಧ ಕಿಲೋ.
ಬೆರಳ ತುದಿಯದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾರನೆಯ ಬೆಳಿಗ್ಗೆ ಕ್ವಾರ್ಟರ್ಸಿನ ಹಿತ್ತಲಲ್ಲಿ
ಬಾವುಟಗಳನ್ನು ಒಗೆಯಲು ಕೊಡವುತ್ತಿದ್ದ ಓಂಕಾರಪ್ಪ
ಅಲ್ಲಿಂದಲೇ ಕೂಗಿದರು:
'ಇದೇನೇ, ಹಸಿರಿಗೆ ಇಷ್ಟೊಂದು ಇರುವೆ?
ಕೆಂಪಿಗೆ ಒಂದೂ ಇಲ್ವಲ್ಲ!'