ಮೊದಲ ಚೆಂಬು ಎಲ್ಲಿಗೆ

ಫೆಸ್ ಪಟ್ಟಣದ ಕೋಟೆ, ಸಂದಿಗೊಂದಿ, ತೊಗಲು ಹದಮಾಡುವ ಬಣ್ಣದ ಗುಂಡಿ
ಒಂದನ್ನೂ ಕೇಳಲಿಲ್ಲ ಅಮ್ಮ.
ಫೋನು ಚಾಚಿದರೆ, ಒದ್ದೆ ಕೈ ಎಂದಳು.
ಊರಿಗೆಲ್ಲ ಒಂದೇ ಬಚ್ಚಲು ಅಲ್ಲಿ,
ಹೋಗಿ ಮಿಂದು ಬಂದೆ ಎಂದಾಗ
ಒಲೆಗೆ ತೆಂಗಿನ ಮಡಲು ತುರುಕುತ್ತಿದ್ದವಳು
ಪೂರಾ ತಿರುಗಿ ಕೂತಳು:
"ಮೊದಲ ಚೆಂಬು ಎಲ್ಲಿಗೆ ಹಾಕಿದಳು? ಕಾಲಿಗಾ, ತಲೆಗಾ?"

ನಲವತ್ತು ವರ್ಷ ಬಾಣಂತಿ ಮೀಯಿಸಿದವಳು.
ಬೆಂಗ್ರೆಯಿಂದ ದೋಣಿ ದಾಟಿ
ಬಂದರು, ಕುದ್ರೋಳಿ, ಬೋಳೂರು.
ನೆಬಿಸಳ ಮೂರು ಹೆರಿಗೆ, ಫ್ಲೋರಿನ್ ಬಾಯಿಯ ಇಬ್ಬರು ಸೊಸೆಯಂದಿರು.
ವಾರಿಜಕ್ಕ ನೀರೆರೆದರೆ
ಜಾರಿದ ಸೊಂಟ ಹೇಳದೆ ವಾಪಸು ಬರುತ್ತದೆ
ಅಂತ ಒಂದು ಮಾತುಂಟು ಅಳಿವೆಯ ಈ ಬದಿಯಲ್ಲಿ.

"ಕಾಲಿಗೆ," ಎಂದೆ.
"ಹಾಂ. ಗೊತ್ತುಂಟು ಅವಳಿಗೆ."

ಆಮೇಲೆ ಎಲ್ಲ ಹೇಳಿಸಿಕೊಂಡಳು.
ದುಬೈಯ ನಮ್ಮ ಮೇಡಮ್ಮು ರಜೆಗೆ ಹೊರಟದ್ದು, ಮಗು ಎತ್ತಲು ನಾನು.
ಹಮ್ಮಾಮಿನ ಬಾಗಿಲು ತಗ್ಗು, ಬಗ್ಗಿಯೇ ಹೋಗಬೇಕು.
ಒಳಗೆ ಮೂರು ಕೋಣೆ, ಒಂದಕ್ಕಿಂತ ಒಂದು ಬಿಸಿ.
ಮೇಲೆ ಗುಮ್ಮಟದಲ್ಲಿ ತೂತುಗಳು,
ಹಬೆಯಲ್ಲಿ ಬಿಸಿಲು ಕೋಲು ಕೋಲಾಗಿ ನಿಂತಿತ್ತು.
ಕಿತ್ತಳೆ ಸುಲಿಯುವ ಅಜ್ಜಿಯರು, ಬಾಲ್ದಿಗೆ ಜಗಳಾಡುವ ಸೊಸೆಯಂದಿರು,
ಯಾರ ಮೈಮೇಲೂ ಹೇಳಿಕೊಳ್ಳುವಂಥದ್ದೇನಿಲ್ಲ.
"ಎಲ್ಲರೆದುರಾ?"
"ಎಲ್ಲರೆದುರು."
ಸ್ವಲ್ಪ ಯೋಚಿಸಿದಳು.
"ಬಾಣಂತಿಗೂ ಹಾಗೇ. ನಾಚಿಕೆ ಒಂದು ದಿನದ್ದು."

ಮಾತಿಲ್ಲ ನಮ್ಮಿಬ್ಬರ ನಡುವೆ, ರಹ್ಮಾ ಎಂಬ ಆ ಹೆಂಗಸಿಗೂ ನನಗೂ.
ತೊಡೆಗೆ ಒಂದು ಪೆಟ್ಟು ಎಂದರೆ ಮಗ್ಗುಲಾಗು,
ಎರಡು ಪೆಟ್ಟು, ಏಳು.
ಕರಿ ಸಾಬೂನು ಹಚ್ಚಿದಳು, ಎಣ್ಣೆಗಾಣದ ವಾಸನೆ,
ನಮ್ಮ ದಾಸವಾಳದ ಗೊಂಪಿನಷ್ಟೇ ಲೋಳೆ.
ಒರಟು ಕೈಚೀಲ ಹಾಕಿ ಎಳೆದಳು ನೋಡು,
ಮೈಯಿಂದ ಕೊಳೆ ಒತ್ತುಶ್ಯಾವಿಗೆಯ ಹಾಗೆ ಉರುಳಿತು!
ನನ್ನ ತೋಳನ್ನೇ ಎತ್ತಿ ನನಗೆ ತೋರಿಸಿ ನಕ್ಕಳು.
ಆರು ವರ್ಷದ ಎಸಿ ಧೂಳು, ಅಮ್ಮ, ಅವಳ ಅಂಗೈಯಲ್ಲಿ.

ಹೇಳದೆ ಬಿಟ್ಟದ್ದು ಇಷ್ಟು:
ಅವಳ ಬೆರಳ ತುದಿ ಬಿಳಿಚಿ, ಸುಕ್ಕಾಗಿ, ಗೆರೆ ಅಳಿಸಿತ್ತು.
ರೇಷನ್ ಅಂಗಡಿಯ ಯಂತ್ರ ನಿನ್ನ ಹೆಬ್ಬೆರಳನ್ನು
ನಾಲ್ಕು ಸಲ ಒತ್ತಿಸಿ ನಾಲ್ಕು ಸಲವೂ ಒಲ್ಲೆ ಎಂದಿತ್ತಲ್ಲ,
ಸೆರಗಿಗೆ ಒರೆಸಿ ಒರೆಸಿ ನೀನು ಮತ್ತೆ ಒತ್ತಿದ್ದೆಯಲ್ಲ.
ಊರ ಬೆನ್ನುಗಳನ್ನೆಲ್ಲ ಉಜ್ಜಿ
ಕೊನೆಯ ದೋಣಿಗೆ ಬರುತ್ತಿದ್ದವಳಿಗೆ
ನನ್ನ ಬೆನ್ನಿಗೆ ಕೈ ಉಳಿಯುತ್ತಿರಲಿಲ್ಲ.
ತಣ್ಣೀರು ನಾನೇ ಸುರಿದುಕೊಂಡು ಮಲಗಿರುತ್ತಿದ್ದೆ.
ಹಬೆಯಲ್ಲಿ ಅತ್ತರೆ ಒಂದು ಅನುಕೂಲ, ಲೆಕ್ಕಕ್ಕೆ ಸಿಗುವುದಿಲ್ಲ.

ಕೈಚೀಲ ತಂದಿದ್ದೆ. ಕೊಟ್ಟೆ.
ತೊಟ್ಟು ತನ್ನ ಮಣಿಕಟ್ಟಿನ ಮೇಲೆ ಎರಡು ಸಲ ಎಳೆದು ನೋಡಿದಳು.
"ಹಸಿ ಮೈಗೆ ಆಗಲಿಕ್ಕಿಲ್ಲ ಇದು. ಪೀರೆಯ ನಾರೇ ಸಾಕು."
ತೆಗೆಯಲಿಲ್ಲ ಮಾತ್ರ.
ಅದೇ ಕೈಯಲ್ಲಿ ಮಡಲು ಮುಂದೆ ತಳ್ಳಿದಳು.

"ಎಷ್ಟು ಕೊಟ್ಟರು ಅವಳಿಗೆ?"
"ಐವತ್ತು ದಿರ್ಹಮ್. ನಮ್ಮ ನಾನೂರೈವತ್ತು ಅಂತಿಟ್ಟುಕೋ."
"ನೀರು, ಸೌದೆ ಅವಳದ್ದಾ?"
"ಅಲ್ಲ."
"ಊಟ?"
ಗೊತ್ತಿಲ್ಲ ನನಗೆ. ಕೇಳಬೇಕು ಅಂತಲೇ ಹೊಳೆದಿರಲಿಲ್ಲ.

ಹಂಡೆ ಸದ್ದು ಮಾಡತೊಡಗಿತು.
ಏಳು ಎಂದಳು. ಯಾಕೆ ಎಂದರೆ ಹೇಳಲಿಲ್ಲ,
ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ,
ಚೆಂಬು ತುಂಬಿ,
ನನ್ನ ಪಾದಕ್ಕೆ ಹೊಯ್ಯುತ್ತ ಗೊಣಗಿದಳು:
"ಕಡಿಮೆಯಾಯಿತು ಮಾರಾಯ್ತಿ ಅದು. ಅಷ್ಟು ಬಿಸಿಯಲ್ಲಿ ನಿಲ್ಲಲಿಕ್ಕೆ
ತುಂಬಾ ಕಡಿಮೆಯಾಯಿತು."