ಏಳನೇ ನಂಬರಿನ ಮಷೀನು

ಎಸ್.ಪಿ. ರೋಡಿನಲ್ಲಿ ನಾಲ್ಕೂವರೆ ಸಾವಿರ ಅಂದವನನ್ನು
ಮೂರಕ್ಕೆ ಇಳಿಸಿ ತಂದೆ.
ಟೋಲ್‌ಗೇಟ್ ಹತ್ತಿರ ಮುಚ್ಚಿದ ಗೇಮಿಂಗ್ ಪಾರ್ಲರಿನದಂತೆ.
ಪಕ್ಕೆಯ ಮೇಲೆ ಬೆಂಕಿ ಉಗುಳುವ ಸ್ಟಿಕ್ಕರು, ಅದರ ಬಾಲದ ಬಳಿ
ವೈಟ್ನರಿನಲ್ಲಿ ಬರೆದ ಏಳು.
ಕರೆಂಟು ಕೊಟ್ಟರೆ ಒಳಗಿನ ಫ್ಯಾನು ಕೆಂಪು, ನೀಲಿ, ಮತ್ತೆ ಕೆಂಪು.
ಅದನ್ನು ಆರಿಸುವ ದಾರಿ ಮಾರಿದವನಿಗೂ ಗೊತ್ತಿರಲಿಲ್ಲ.
ಸಂಜೆಯಾದರೆ ಸುಲ್ತಾನಪೇಟೆಯ ನಮ್ಮ ಕಾರ್ಡಿನಂಗಡಿಯೊಳಗೆ
ಯಾರದೋ ಆರತಕ್ಷತೆ ನಡೆದ ಹಾಗೆ.

ಹಳೆಯ ವಿಂಡೋಸು ದಿನಾ ದುಡ್ಡು ಕೇಳುತ್ತಿತ್ತು.
ಲಿನಕ್ಸ್ ಅಂತೆ, ಪುಕ್ಕಟೆಯಂತೆ, ನೋಡಮ್ಮ, ಅಂದರು ಯಜಮಾನರು.
ನೋಡಿದೆ. ಒಂದಲ್ಲ, ಬಿಡಿಸಿದಷ್ಟೂ ತೊಳೆ.
ಪೆನ್‌ಡ್ರೈವು ಮಾತ್ರ ಒಂದೇ. ರಾತ್ರಿಗೊಂದರಂತೆ ಹಾಕಿದೆ.

ನನ್ನ ಪರೀಕ್ಷೆ ಒಂದೇ ಪ್ರಶ್ನೆಯದು:
ಶ್ರೀ ಲಕ್ಷ್ಮೀ ವೆಂಕಟರಮಣ ಸ್ವಾಮಿ ಪ್ರಸನ್ನ.
ಕಾರ್ಡಿನ ನೆತ್ತಿಯ ಸಾಲು. ಇದು ಸರಿ ಬಂದರೆ
ಮದುವೆ ಸರಿ ಹೋಗುತ್ತದೆ ಅಂತಲ್ಲ,
ತಪ್ಪಿದರೆ ಹುಡುಗನ ಸೋದರಮಾವ ಅಂಗಡಿಗೆ ಬರುತ್ತಾನೆ.

ಮೊದಲು ಪಪ್ಪಿ. ಹೆಸರಿಗೆ ತಕ್ಕ ಚುರುಕು, ನಿಮಿಷಕ್ಕೆ ಎದ್ದು ಕೂತಿತು,
ಕನ್ನಡ ಕಂಡದ್ದೇ ಡಬ್ಬಿ ಡಬ್ಬಿ ಡಬ್ಬಿ,
ದೇವರ ಜಾಗದಲ್ಲಿ ಖಾಲಿ ಪೆಟ್ಟಿಗೆಯ ಸಾಲು.
ಮಿಂಟಿನಲ್ಲಿ ಲ, ಕ್, ಷ್, ಮೀ
ಗ್ರೂಪ್ ಫೋಟೋಗೆ ಎಳೆದು ತಂದ
ಮಾತುಬಿಟ್ಟ ನೆಂಟರಂತೆ ನಡುವೆ ಜಾಗ ಬಿಟ್ಟು ನಿಂತರು.
ಫೆಡೋರಾ ಗೇಮಿನ ಕಾರ್ಡು ನೋಡಿ ಬೆಚ್ಚಿ ಕಣ್ಣೇ ಬಿಡಲಿಲ್ಲ.
ಪರದೆ ಕಪ್ಪು. ಫ್ಯಾನಿಗೆ ಮಾತ್ರ ಹಬ್ಬ.
ಆರ್ಚ್ ಎನ್ನುವುದರ ಬಗ್ಗೆ ಹೇಳುವುದಿಲ್ಲ.
ಆ ರಾತ್ರಿ ಕೊನೇ ಬಸ್ಸು ತಪ್ಪಿತು.

ಕೀಬೋರ್ಡಿನಲ್ಲಿ ಮೂರು ಅಕ್ಷರ ಪೂರಾ ಅಳಿಸಿವೆ:
ಡಬ್ಲ್ಯೂ, ಎ, ಡಿ. ಎಸ್ ಅರ್ಧ ಉಳಿದಿದೆ.
ಬಲಗಡೆಯವು ನೆನ್ನೆ ತಂದಂತೆ ಹೊಳೆಯುತ್ತವೆ.
ಐದನೇ ರಾತ್ರಿ ಡೆಬಿಯನ್ ಪಾಸ್‌ವರ್ಡ್ ಕೇಳಿತು.
ಹೊಡೆದರೆ ಪರದೆಯ ಮೇಲೆ ಚುಕ್ಕೆಯೂ ಬೀಳದು.
ಕೀಲಿ ಸತ್ತಿದೆ ಅಂದುಕೊಂಡು ಎರಡು ಸಲ ಎದ್ದೆ.
ಆಮೇಲೆ ಕಣ್ಣು ಮುಚ್ಚಿದೆ.
ಹದಿನೇಳಕ್ಕೇ ಕಾಟನ್‌ಪೇಟೆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವಳು,
ಯಾವ ಖಾನೆಯಲ್ಲಿ ಯಾವ ಅಕ್ಷರವೆಂದು ಬೆರಳಿಗೆ ಹೇಳಬೇಕಿಲ್ಲ.
ಕರೆಂಟು ಹೋದರೂ ಮ ಒತ್ತು ಉಗುರಿಗೆ ಸಿಗುತ್ತಿತ್ತು.
ಅಕ್ಷರವಿಲ್ಲದ ಕೀಲಿ, ಏನೂ ತೋರದ ಪರದೆ, ಎಂಟರ್.
ಒಳಗೆ ಬಿಟ್ಟಿತು.
ಲಕ್ಷ್ಮಿ ಬಂದಳು, ಎರಡೂ ಒತ್ತು ಸೆರಗಿಗೆ ಕಟ್ಟಿಕೊಂಡು.
ಪ್ರಿಂಟರು, ಇವರು ಯಾರೋ ಗೊತ್ತಿಲ್ಲ ಅಂದಿತು.
ಅದು ಬೇರೆ ಕತೆ, ಹನ್ನೊಂದು ದಿನದ್ದು.

ಆಷಾಢ ಕಳೆದ ವಾರ ಮುನಿಕೃಷ್ಣ ಅಂತ ಒಬ್ಬ ಬಂದ,
ತನ್ನದೇ ಮದುವೆ ಕಾರ್ಡಿಗೆ. ಹೆಲ್ಮೆಟ್ಟು ಕಂಕುಳಲ್ಲಿ.
ಸ್ಯಾಂಪಲ್ಲು ಮುಟ್ಟಲಿಲ್ಲ, ಪಕ್ಕೆಯ ಏಳು ನೋಡಿ ನಿಂತುಬಿಟ್ಟ.
ಮೇಡಂ, ಇದು ನಮ್ಮ ಸೆವೆನ್ ಅಲ್ವಾ?
ಕೇಳದೆಯೇ ಎಡಗೈ ಇಟ್ಟ. ಮೂರು ಬೆರಳು ತಾವೇ ಹೋಗಿ
ಬೋಳು ಕೀಲಿಗಳ ಮೇಲೆ ಕೂತವು, ಹಳೇ ಬಾಡಿಗೆದಾರರ ಹಾಗೆ.
ಗಂಟೆಗೆ ಇಪ್ಪತ್ತು. ಟ್ಯೂಷನ್ ದುಡ್ಡು, ಅಂದ.
ಈ ಡಬ್ಲ್ಯೂ ಅಳಿಸಿದ್ದರಲ್ಲಿ ನನ್ನ ಪಾಲಿದೆ.
ಎಸ್ ಯಾಕೆ ಉಳೀತು, ಕೇಳಿದೆ.
ಅದು ಹಿಂದಕ್ಕೆ ಹೋಗೋದು ಮೇಡಂ. ಯಾರು ಹೋಗ್ತಿದ್ರು ಹಿಂದಕ್ಕೆ.
ಈಗ ಇದರಲ್ಲಿ ಗೇಮ್ ಓಡುತ್ತಾ? ಇಸ್ಪೀಟಿದೆ ಅಂದೆ. ನಕ್ಕ.

ನೆತ್ತಿಗೆ ಯಾವ ದೇವರಪ್ಪ, ಎಂಥ ಒತ್ತಿದ್ದರೂ ಈಗ ಬರುತ್ತೆ.
ಅವನು ಫೋನು ತೆಗೆದು ಮ್ಯಾಟರ್ ತೋರಿಸಿದ.
ಪೂರಾ ಇಂಗ್ಲಿಷು. ಹುಡುಗಿ ಮನೆಯವರು ಹೊಸೂರು ಕಡೆ,
ಎಲ್ಲರಿಗೂ ಓದೋಕೆ ಬರಬೇಕಲ್ಲ ಮೇಡಂ.

ಮುಂಗಡ ಎಣಿಸಿ ಗಲ್ಲಕ್ಕೆ ಹಾಕಿ ಟೈಪಿಗೆ ಕೂತೆ.
ವೆಡ್ಡಿಂಗ್.
ಮೊದಲ ಅಕ್ಷರವೇ ಅವನು ಅಳಿಸಿದ್ದು.